ಹುಟ್ಟಲಿರುವ ಹುಡುಗಿಯ ಹತ್ತನೇ ಕ್ಲಾಸು

ಲಿಸ್ಬನ್ನಿನ ಶಾಲೆಯಿಂದ ಶುಕ್ರವಾರ ಬೆಳಿಗ್ಗೆ ಬಂದ ಉತ್ತರವನ್ನು ಬಡಗಿ ಹೇರಾಕಾಜಿ ಮಗಳಿಂದ ಮೂರು ಸಲ ಓದಿಸಿಕೊಂಡ. 'ನಿಮ್ಮ ಮಗಳು ರೋಜಿನಾ 2066ರಲ್ಲಿ ಹುಟ್ಟಲಿದ್ದಾಳೆ. ಇನ್ನೂ ಹುಟ್ಟದವರಿಗೆ ಪ್ರವೇಶ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಸರಿಯಾದ ಕಾಗದ ಶುಕ್ರವಾರ ಮಧ್ಯಾಹ್ನದೊಳಗೆ ತಲುಪದಿದ್ದರೆ ಮುಂದಿನ ವರ್ಷ ನೋಡೋಣ.'

ಹೆಂಡತಿ ಎರಡು ವರ್ಷ ಲಿಸ್ಬನ್ನಿನ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ಇಬ್ಬರಿಗೂ ವೀಸಾ ಮಾಡಿಸಿದ್ದಳು. ವೀಸಾ ಕಂಡದ್ದೇ ತಡ, ಹೇರಾಕಾಜಿ ನೇಪಾಳದ ಪಾಟನ್ನಿನ ಶಾಲೆಯ ಹತ್ತನೇ ಕ್ಲಾಸಿನಿಂದ ಮಗಳ ಹೆಸರು ಹೊಡೆಸಿಬಿಟ್ಟಿದ್ದ. ಈಗ ಇಲ್ಲಿನ ಬೋರ್ಡ್ ಪರೀಕ್ಷೆಯೂ ಇಲ್ಲ, ಅಲ್ಲಿನ ಬೆಂಚೂ ಇಲ್ಲ. ಹುಡುಗಿ ಸೇತುವೆಯ ನಡುಮಧ್ಯೆ ಕೆಟ್ಟು ನಿಂತ ಬಸ್ಸಿನಂತಾಗಿದ್ದಳು.

"ನಮ್ಮ ನೇಪಾಳದ ಸಂವತ್ತು ಅವರ ಇಸವಿಗಿಂತ ಮುಂದೆ ಓಡ್ತದೆ, ಅಷ್ಟೇ. ಅವರ ಇಸವಿ ಹಾಕಿಸಿದ್ರೆ ಮುಗೀತು. ಅರ್ಧ ಗಂಟೆ ಕೆಲಸ, ನಾನಿ," ಎಂದು ಹೇರಾಕಾಜಿ ಮಗಳ ತಲೆ ಸವರಿದ. ಇಷ್ಟು ದೊಡ್ಡವಳಾದರೂ ಅವಳು ಅವನಿಗೆ ಇನ್ನೂ ನಾನಿಯೇ, ಅಂದರೆ ಪುಟ್ಟ ಮಗು.

ಓಣಿಯ ಚಹಾದಂಗಡಿ ದಾಟುವಷ್ಟರಲ್ಲಿ, ನಿವೃತ್ತ ಗಣಿತ ಮೇಷ್ಟ್ರು ಅಷ್ಟನಾರಾಯಣರು ತಡೆದರು. "ಏ ಹೇರಾಕಾಜಿ, ಲೆಕ್ಕ ನಂಗೆ ಬಿಡು. ಐವತ್ತೇಳು ಕಳಿ. 2009!"

"ಐವತ್ತಾರೇನೋ ಅಲ್ವಾ ಸರ್?" ಎಂದಳು ರೋಜಿನಾ.

"ನಿಮ್ಮಪ್ಪಂಗೆ ಮಗ್ಗಿ ಹೇಳ್ಕೊಟ್ಟವನು ನಾನು!"

"ಅವ್ನಿಗೆ ಇವತ್ತಿಗೂ ಬರಲ್ಲವಲ್ಲ," ಎಂದಳು ಚಹಾ ಸೋಸುತ್ತಿದ್ದ ಚಿರಿಮಾಯಾ ದಿದಿ.

ವಾರ್ಡ್ ಕಚೇರಿಯ ಗುಮಾಸ್ತ ಲೋಹನಿ ಮೇಷ್ಟ್ರ ಲೆಕ್ಕದಂತೆ ಜನನ ಪತ್ರದಲ್ಲಿ 2009 ಎಂದು ಟೈಪು ಮಾಡಿ ಸೀಲು ಒತ್ತಿದ. ರೋಜಿನಾ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ನೋಡಿದಳು: 2010.

"ಪುಷ್ಯ ಮಾಸದ ಕೊನೆಗೆ ಹುಟ್ಟಿದ್ದಾಳೆ, ಸಾಹೇಬ್ರೆ. ಅಷ್ಟೊತ್ತಿಗೆ ಅವರ ಹೊಸ ವರ್ಷ ಬಂದಿರ್ತದಂತೆ," ಹೇರಾಕಾಜಿ ಕೈಮುಗಿದ.

"ಸೀಲು ಬಿದ್ದ ಮೇಲೆ ಅದೇ ಹುಟ್ಟಿದ ದಿನ. ತಿದ್ದೋಕೆ ಶಾಲೆಯ ಪತ್ರ ಬೇಕು. ಅಪ್ಪ-ಮಗಳ ಸಂಬಂಧದ ಪತ್ರ ಇದೆ ತಾನೆ?"

"ಅದು ಹೋದ ತಿಂಗಳೇ ಆಗಿದೆ. ನಾಲ್ಕು ಸೀಲು ಬಿದ್ದಿವೆ, ಬಂಡೆಗಲ್ಲು!"

"ಎಲ್ರೂ ದೇಶ ಬಿಟ್ಟು ಓಡ್ತೀರಲ್ಲ, ನಾಚಿಕೆ ಆಗಲ್ವಾ?"

"ನಿಮ್ಮ ಮಗ ಸಿಡ್ನೀಲಿ ಹೇಗಿದ್ದಾನೆ, ಸರ್?" ರೋಜಿನಾ ಕೇಳಿದಳು. ಲೋಹನಿ ಕೆಮ್ಮಿದ.

ದುಡಿಯುವವರನ್ನು ಹೊರಗೆ ದಬ್ಬಲು ಈ ಸರಕಾರಕ್ಕೆ ಯಾವ ಸೀಲೂ ಬೇಕಾಗಿರಲಿಲ್ಲ. ದಬ್ಬಿಸಿಕೊಂಡವರು ಹೊಸ್ತಿಲು ದಾಟುವಾಗ ಮಾತ್ರ ಏಳು ಸೀಲು.

ಶಾಲೆಯ ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿದರು. "ಹೆಸರು ಹೊಡೆದಾಗಿದೆ. ಈಕೆ ನಮ್ಮ ಹುಡುಗಿಯೇ ಅಲ್ಲ."

"ನಾನು ಒಂಬತ್ತು ವರ್ಷ ಓದಿದ್ದು ಎಲ್ಲಿ ಮತ್ತೆ, ಮಿಸ್? ಚಿರಿಮಾಯಾ ದಿದಿ ಅಂಗಡೀಲಾ?"

ಪತ್ರ ಸಿಕ್ಕಿತು. ಹೇರಾಕಾಜಿ ಚಪ್ಪಲಿ ಕಂಕುಳಲ್ಲಿಟ್ಟು ಓಡಿದ. ಶುಕ್ರವಾರ ಕಚೇರಿ ಮುಚ್ಚುವುದು ಮೂರಕ್ಕೆ. ಲೋಹನಿ ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದ. ಹೆಲ್ಮೆಟ್ಟಿನೊಳಗಿಂದಲೇ ಗೊಣಗುತ್ತ 2010 ಎಂದು ತಿದ್ದಿ, ಸೀಲು ಒತ್ತಿ, ಬೀಗ ಜಡಿದು, ಬೈಕು ಹತ್ತಿದ. ಶನಿವಾರ ರಜೆ; ಇನ್ನು ಬಾಗಿಲು ತೆಗೆಯುವುದು ಭಾನುವಾರವೇ.

ಚಹಾದಂಗಡಿಯಲ್ಲಿ ಕೂತು ರೋಜಿನಾ ಮೊಬೈಲಿನಿಂದ ಎಲ್ಲ ಕಾಗದ ಕಳಿಸಿದಳು. ಲಿಸ್ಬನ್ನಿನಲ್ಲಿ ಆಗಿನ್ನೂ ಬೆಳಿಗ್ಗೆ. ಹೇರಾಕಾಜಿ ಎದೆ ಉಬ್ಬಿಸಿ ಎಲ್ಲರಿಗೂ ಚಹಾ ಹೇಳಿದ. "ಹೇಳಿರಲಿಲ್ವಾ? ಅರ್ಧ ಗಂಟೆ ಕೆಲಸ!"

ಮೊಬೈಲು ಗುಂಯ್‌ಗುಟ್ಟಿತು. ರೋಜಿನಾ ಗಟ್ಟಿಯಾಗಿ ಓದಿದಳು:

'ವಿದ್ಯಾರ್ಥಿನಿ ಹುಟ್ಟಿರುವುದು ಖಚಿತವಾಗಿದೆ, ಸಂತೋಷ. ಹತ್ತನೇ ತರಗತಿಗೆ ಅರ್ಹಳು. ಆದರೆ ಪೋಷಕರೆಂದು ಅರ್ಜಿಗೆ ಸಹಿ ಹಾಕಿದ ತಂದೆಗೆ ಹದಿನೆಂಟು ತುಂಬಿರಬೇಕು. ಸಂಬಂಧದ ಪತ್ರದ ಪ್ರಕಾರ ಆಕೆಯ ತಂದೆ 2036ರಲ್ಲಿ ಹುಟ್ಟಲಿದ್ದಾರೆ. ಈ ವರ್ಷದ ಪ್ರವೇಶ ಮುಗಿಯಿತು.'

ಅಷ್ಟನಾರಾಯಣರು ಅಭ್ಯಾಸಬಲದಿಂದ ಪೆನ್ನು ತೆಗೆದರು. ಯಾರೂ ಅವರತ್ತ ನೋಡಲಿಲ್ಲ.

ರೋಜಿನಾ ಮೊಬೈಲು ಜೇಬಿಗಿಳಿಸಿ ಅಪ್ಪನ ಕೈ ಹಿಡಿದು ಎಬ್ಬಿಸಿದಳು.

"ನಡಿ ನಾನಿ, ಮೊದ್ಲು ಆ ಮಿಸ್ ಹತ್ರ ಹೋಗಿ ಹೆಸರು ವಾಪಸ್ ಬರೆಸೋಣ. ಇವತ್ತಿಂದ ನಿಂಗಿಂತ ನಾನೇ ದೊಡ್ಡವಳು. ದಿದಿ, ಇವನ ಚಹಾ ವಾಪಸ್ ತಗೊಳ್ಳಿ, ಹಾಲು ಕೊಡಿ."