ಹರಿಗೋಲ ಮನೆತನದ ಚರಿತ್ರೆ

ಮನುಷ್ಯನಿಗೆ ಹೆಸರನ್ನು ಹೆತ್ತವರು ಇಡುತ್ತಾರೆ, ಅಡ್ಡಹೆಸರನ್ನು ಊರವರು ಇಡುತ್ತಾರೆ. ಹೆತ್ತವರಿಗೆ ಮಗುವಿನ ಮೇಲೆ ಪ್ರೀತಿ ಇರುವುದರಿಂದ ದೇವರ ಹೆಸರು ಹುಡುಕುತ್ತಾರೆ. ಊರವರಿಗೆ ಅಂಥ ಕಟ್ಟುಪಾಡು ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಎತ್ತಿ ಅಂಟಿಸಿಬಿಡುತ್ತಾರೆ. ನಮ್ಮ ಮಾನ್ವಿ ಕಡೆ ಮೆಣಸಿನಕಾಯಿಯವರಿದ್ದಾರೆ, ಒನಕೆಯವರಿದ್ದಾರೆ, ಹುಲಿಯವರಿದ್ದಾರೆ. ಹುಲಿಯವರ ಮನೆಯಲ್ಲಿ ಬೆಕ್ಕು ಅಡ್ಡ ಬಂದರೆ ಚೀರುವ ಗಂಡಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು ಅಮರಪ್ಪ ಹರಿಗೋಲ. ಹರಿಗೋಲು ಅಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ, ಹೊಳೆ ದಾಟುವ ದುಂಡು ದೋಣಿ. ಹೀಗೆ ದೋಣಿಯ ಹೆಸರು ಹೊತ್ತ ನಾವು ಮಲ್ಲಟದ ಕುರಿಗಾರರು. ನಮ್ಮ ವಂಶದಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ. ಬಾವಿಯೊಳಗೆ ಇಣುಕಿದರೆ ನಮಗೆ ತಲೆ ಸುತ್ತುತ್ತದೆ.

ಈ ಹೆಸರು ಬಂದ ಬಗೆ ನಮ್ಮವ್ವನ ಬಾಯಲ್ಲಿ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ತಾಯಿ ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿಡುವುದು ನಮ್ಮಲ್ಲಿ ವಾಡಿಕೆ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಕಾಲದಲ್ಲಿ ಒಂದು ವರ್ಷ ಮರಿಗಳು ಹೆಚ್ಚಾಗಿ ಬುಟ್ಟಿಗಳು ಸಾಲದೆ ಹೋದವು. ಅದೇ ಹೊತ್ತಿಗೆ ಮುತ್ಯಾ ಯಾವುದೋ ಕೆಲಸಕ್ಕೆ ಚೀಕಲಪರ್ವಿಗೆ ಹೋಗಿದ್ದಾನೆ. ಅಲ್ಲಿ ತುಂಗಭದ್ರೆಯ ದಂಡೆಯಲ್ಲಿ ಹಳೆಯ ಹರಿಗೋಲೊಂದು ಬೋರಲಾಗಿ ಬಿದ್ದಿದೆ. ಲೋಕದ ಮಂದಿಗೆ ಅದು ದೋಣಿ. ಮುತ್ಯಾನ ಕಣ್ಣಿಗೆ ಅದು ದೇವರೇ ಹೆಣೆಸಿಟ್ಟ ಬುಟ್ಟಿ. ಬೇಡಿ ತಂದು, ಬಂಡಿಯ ಮೇಲೆ ಕವುಚಿ ಹಾಕಿಕೊಂಡು ಮಲ್ಲಟದ ಅಗಸಿಬಾಗಿಲೊಳಗೆ ಬಂದಾಗ ಊರಿಗೆ ಊರೇ ಕಟ್ಟೆಯಿಂದ ಎದ್ದು ನಿಂತಿತಂತೆ. "ಲೇ, ಹೊಳಿ ಎಲ್ಲೋ? ಅದನ್ನೂ ಹಿಂದಿನ ಬಂಡ್ಯಾಗ ತರಾಕತ್ತೀಯೇನು?" ಅಂತ ಯಾರೋ ಕೂಗಿದರಂತೆ. ಅಷ್ಟೇ. ಸಂಜೆಯೊಳಗೆ ನಾವು ಹರಿಗೋಲದವರಾಗಿದ್ದೆವು.

ನೋಡಿ, ಇದು ಚೊಕ್ಕ ಕತೆ. ಯಾರಿಗೆ ಹೇಳಿದರೂ ನಗುತ್ತಾರೆ. ಆದರೆ ನಗಿಸಿಕೊಳ್ಳುವುದು ಬೇರೆ, ಗೌರವ ಮಾಡಿಸಿಕೊಳ್ಳುವುದು ಬೇರೆ. ನಾಲ್ಕನೆಯ ತರಗತಿಗೇ ಸಾಲೆ ಬಿಟ್ಟವನಿಗೆ ಗೌರವದ ಹಸಿವು ಸ್ವಲ್ಪ ಜಾಸ್ತಿ ಇರುತ್ತದೆ. ನಾನು ಮಾನ್ವಿಯ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದೆ. ಹೊಲಿಗೆಯಂಗಡಿ ಅಂದರೆ ಅರ್ಧ ಚಾವಡಿ. ಒಬ್ಬರ ಅಂಗಿಗೆ ಗುಂಡಿ ಹಚ್ಚುವಷ್ಟರಲ್ಲಿ ಇನ್ನೊಬ್ಬರ ಮನೆಯ ಜಗಳ ಪೂರ್ತಿ ಕೇಳಿ ಆಗಿರುತ್ತದೆ. ಎಪ್ಪತ್ತರ ದಶಕದಲ್ಲಿ ಎಲ್ಲರಿಗೂ ಅಗಲ ಪಾದದ ಪ್ಯಾಂಟಿನ ಹುಚ್ಚು ಹಿಡಿದಿತ್ತು. ಹೈಸ್ಕೂಲಿನ ಚರಿತ್ರೆಯ ಮಾಸ್ತರರೊಬ್ಬರು ಅಂಥದೇ ಒಂದನ್ನು ಹೊಲಿಸಲು ಬಂದು, ಅಳತೆ ಕೊಡುತ್ತ ನಿಂತಿದ್ದಾಗ ನನ್ನ ಅಡ್ಡಹೆಸರು ಕೇಳಿ ಖುಷಿಪಟ್ಟರು. "ಅಮರಪ್ಪಾ, ನಾರ್ಮನ್ ಅಂತ ಒಂದು ಜನ ಇದ್ದರು. ಹಡಗು ಹತ್ತಿ ಸಮುದ್ರ ದಾಟಿ ಇಂಗ್ಲೆಂಡ್ ಗೆದ್ದರು. ಆ ಮನೆತನಗಳ ಹೆಸರು ಇವತ್ತಿಗೂ ಅಲ್ಲಿ ಅವ. ತಮ್ಮ ಅಡ್ಡೆಸರು ಎಲ್ಲಿಂದ ಬಂತು ಅಂತ ದಪ್ಪ ದಪ್ಪ ಪುಸ್ತಕ ಬರೆಸ್ಯಾರ. ನಿಮ್ಮವರು ಏನು ದಾಟಿದ್ದರು?" ಅಂದರು.

ಮಾಸ್ತರರ ಸೊಂಟದ ಸುತ್ತ ಟೇಪು ಹಿಡಿದು ನಿಂತ ನನಗೆ, ನಮ್ಮವರು ಏನೂ ದಾಟಿಲ್ಲ, ಮರಿ ಮುಚ್ಚಿದ್ದರು ಎಂದು ಹೇಳಲು ನಾಲಗೆ ಏಳಲಿಲ್ಲ. ಆ ನಾರ್ಮನ್ನರು ಸಮುದ್ರ ದಾಟಿರುವಾಗ ನನ್ನ ಮುತ್ಯಾ ಒಂದು ಹೊಳೆಯನ್ನಾದರೂ ದಾಟಬಾರದೆ? ದಾಟಿಸಿಬಿಟ್ಟೆ. ತುಂಬಿದ ತುಂಗಭದ್ರೆಯಲ್ಲಿ ನಿಜಾಮರ ತಹಶೀಲ್ದಾರನನ್ನು ಕೂಡಿಸಿಕೊಂಡು ಮುತ್ಯಾ ಒಬ್ಬನೇ ಹರಿಗೋಲು ನಡೆಸಿ ಆಚೆ ದಡ ಮುಟ್ಟಿಸಿದ ಎಂದೆ. ಮಾಸ್ತರರು "ಶಾಭಾಸ್!" ಅಂದರು. ಆ ಶಾಭಾಸ್ ನನ್ನ ತಲೆ ಕೆಡಿಸಿತು. ಅಲ್ಲಿಂದ ನನಗೆ ಅದೇ ಚಾಳಿಯಾಯಿತು. ಬಟ್ಟೆ ತರಲು ರಾಯಚೂರಿಗೆ ಹೋದರೆ ಮುತ್ಯಾನ ಹರಿಗೋಲು ಅಲ್ಲಿನ ಕೋಟೆಯ ಕಂದಕದಲ್ಲಿ ಇಳಿಯುತ್ತಿತ್ತು. ದೇವದುರ್ಗದಲ್ಲಿ ನಂಟರ ಮದುವೆಗೆ ಹೋದರೆ, ಅಲ್ಲಿಯವರಿಗೆ ಕೃಷ್ಣೆ ಹತ್ತಿರವೆಂದು ಹೊಳೆಯನ್ನೇ ಬದಲಿಸುತ್ತಿದ್ದೆ. ಸುಳ್ಳು ಹೇಳುವಾಗಲೂ ಕೇಳುವವರ ಅನುಕೂಲ ನೋಡುವುದು ಹೊಲಿಗೆಯವನ ಗುಣ. ಎಲ್ಲರಿಗೂ ಅವರವರ ಅಳತೆಗೆ ತಕ್ಕಂತೆ ಹೊಲಿಯುತ್ತೇವೆ.

ಈ ಸುಳ್ಳಿನಿಂದ ಯಾರಿಗೂ ತೊಂದರೆಯಿಲ್ಲ ಅಂದುಕೊಂಡಿದ್ದೆ, ಚೀಕಲಪರ್ವಿಯ ಹನುಮಪ್ಪ ಅಂಗಿ ಹೊಲಿಸಲು ಬರುವವರೆಗೆ. ಉದ್ದ ಮೀಸೆಯ, ಮೆಲ್ಲಗೆ ಮಾತಾಡುವ ರೈತ. ನನ್ನ ಕತೆಯನ್ನು ಬಾಯಿ ತೆರೆದು ಕೇಳಿ, "ಮನ್ಯಾಗ ಹೆಣ್ಮಕ್ಕಳು ಅದಾರೇನು?" ಅಂದ. ತಂಗಿ ನಾಗಮ್ಮ ಇದ್ದಾಳೆ ಅಂದೆ. ಅವನ ಕಣ್ಣು ಮಿನುಗಿತು. "ನಮ್ಮ ಹೊಲ ಹೊಳ್ಯಾಗಿನ ನಡುಗಡ್ಡಿ ಮ್ಯಾಲ ಅದ. ನಮ್ಮ ಮಗ ಈರಣ್ಣಗ ಯಾರೂ ಹೆಣ್ಣ ಕೊಡವಲ್ಲರು. ದಿನಾ ಬುತ್ತಿ ತಗೊಂಡು ಹರಿಗೋಲಿನಾಗ ಹೋಗಬೇಕಲ್ಲ, ಎಲ್ಲಾ ಹುಡಿಗ್ಯಾರೂ ನೀರು ನೋಡಿ ಅಂಜತಾರ. ನಿಮ್ಮಂಥ ಹೊಳಿ ಬಲ್ಲ ಮನಿತನದ ಹೆಣ್ಣು ಸಿಕ್ಕರ ದೇವರು ಸಿಕ್ಕಂಗ ನೋಡ್ರಿ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಹೋಗಿ ಹೇಳಿದಾಗ ನಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಯಣ್ಣಾ, ನಾ ಹಳ್ಳ ದಾಟೋ ಮುಂದ ಸೈತ ಅವ್ವನ ಸೆರಗು ಹಿಡೀತೀನಿ. ಅದು ಆ ಮಂದಿಗೆ ಗೊತ್ತದ ಏನು?"

"ಗೊತ್ತಿಲ್ಲ."

"ಮಂದಿ ಹ್ಯಾಂಗದಾರ?"

"ಬಾಳ ಚಲೋ ಅದಾರವ್ವ."

"ಚಲೋ ಮಂದಿಗೆ ಸುಳ್ಳ ಹೇಳಿ ಬಂದೀದಿ. ನಾಳಿಗೆ ಬಸ್ ಹತ್ತಿ ಹೋಗಿ ಖರೇ ಹೇಳಿ ಬಾ."

ಹೋದೆ. ಅಣ್ಣನಾದವನು ಅಷ್ಟೂ ಮಾಡದಿದ್ದರೆ ಹೇಗೆ? ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಆದರೆ ಹನುಮಪ್ಪ ನನ್ನನ್ನು ಕಂಡವನೇ ಕಂಬಳಿ ಹಾಸಿ, ಓಣಿಯ ಮಂದಿಯನ್ನೆಲ್ಲ ಕರೆದು, "ಇವರ ರೀ ಅವರು! ತಹಶೀಲ್ದಾರನ್ನ ದಾಟಿಸಿದ ಮನಿತನ! ಹೇಳ್ರಿ ಬೀಗರ, ನಮ್ಮವರೂ ಕೇಳಲಿ" ಅಂದ. ಸುತ್ತ ಅಷ್ಟೊಂದು ಮುಖಗಳು. ಒಳಗಿನಿಂದ ಚಹಾ ಬಂತು. ನಾನು ಬಾಯಿ ತೆರೆದೆ. ಏನಾಯಿತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಖರೆ ಹೇಳಲು ಹೋದವನು, ಕತೆಗೆ ಒಂದು ಮೊಸಳೆಯನ್ನು ಸೇರಿಸಿ ಬಂದೆ.

ನಮ್ಮ ಕಡೆ ಮಾತು ಗಟ್ಟಿಯಾಗುವ ಮುಂಚೆ ಹೆಣ್ಣಿನವರು ಗಂಡಿನವರ ಮನೆ, ಹೊಲ ನೋಡಲು ಹೋಗುತ್ತಾರೆ. ಹೆಣ್ಣು ಮಾತ್ರ ಹೋಗುವುದಿಲ್ಲ. ಆದರೆ ಹನುಮಪ್ಪ, "ಹುಡುಗಿನೂ ಬರಲಿ, ಹೊಲಕ್ಕ ದಿನಾ ಹೋಗಾಕಿ ಆಕಿನ ಅಲ್ಲೇನು" ಎಂದು ಹೇಳಿ ಕಳಿಸಿದ. ಅವ್ವ, ನಾಗಮ್ಮ, ನಾನು ಹೋದೆವು. ನಾನು ಖರೆ ಹೇಳಿ ಬಂದಿದ್ದೇನೆಂದೇ ನಾಗಮ್ಮ ತಿಳಿದಿದ್ದಳು. ಏಕೆಂದರೆ ನಾನು ಹಾಗೆಂದೇ ಹೇಳಿದ್ದೆ. ಹೊಳೆಯ ದಂಡೆಗೆ ಬಂದು ನಿಂತಾಗ ಈರಣ್ಣ ಹರಿಗೋಲನ್ನು ನೀರಿಗೆ ತಳ್ಳಿದ. ಹನುಮಪ್ಪ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ದೇವರ ಪ್ರಸಾದದ ಹಾಗೆ ನನಗೆ ನೀಡಿದ. "ನೀವು ಇರೂ ಮುಂದ ನಾವು ಹುಟ್ಟು ಮುಟ್ಟಿದರ ಚಂದ ಕಾಣಂಗಿಲ್ಲರಿ." ನಾಗಮ್ಮ ನನ್ನ ಕಡೆ ತಿರುಗಿದಳು. ಆ ನೋಟದ ಎದುರು ಮೊಸಳೆಯೇ ವಾಸಿ.

ಹರಿಗೋಲು ದುಂಡಗಿರುತ್ತದೆ. ದುಂಡಗಿನದಕ್ಕೆ ಹಿಂದೆ ಮುಂದೆ ಇರುವುದಿಲ್ಲ ಎಂಬ ಸತ್ಯ ನನಗೆ ತಿಳಿದದ್ದು ದಂಡೆ ಬಿಟ್ಟ ಮೇಲೆ. ನಾನು ಹುಟ್ಟು ಹಾಕಿದೆ, ಅದು ತಿರುಗಿತು. ಇನ್ನೊಂದು ಕಡೆ ಹಾಕಿದೆ, ಆ ಕಡೆಯಿಂದ ತಿರುಗಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟರು. "ಏ ಯಪ್ಪಾ, ಹೊಳಿ ದಾಟಾಕತ್ತೀಯೋ, ಹಿಟ್ಟು ಬೀಸಾಕತ್ತೀಯೋ?" ಅಂತ ಒಬ್ಬಳು ಕೂಗಿದಳು. ಈರಣ್ಣ ತಲೆ ತಗ್ಗಿಸಿ ನಗು ನುಂಗುತ್ತಿದ್ದ. ಅವ್ವ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದಳು. ಹನುಮಪ್ಪ ಮಾತ್ರ ಇದು ದೊಡ್ಡ ಮನೆತನದ ಏನೋ ವಿಶೇಷ ಪದ್ಧತಿಯಿರಬೇಕೆಂದು ಭಕ್ತಿಯಿಂದ ನೋಡುತ್ತ ಕೂತಿದ್ದ.

ಆಗ ನಾಗಮ್ಮ, ಕಣ್ಣು ಗಟ್ಟಿಯಾಗಿ ಮುಚ್ಚಿ, ಅಂಚನ್ನು ಎರಡೂ ಕೈಯಿಂದ ಹಿಡಿದು, ನಡುಗುವ ದನಿಯಲ್ಲಿ ಶುರು ಮಾಡಿದಳು. "ಮಾವಾ, ನಮ್ಮ ಮುತ್ಯಾ ಯಾರನ್ನೂ ದಾಟಿಸಿಲ್ಲ. ನಿಮ್ಮೂರಿಂದನ ಹಳೇ ಹರಿಗೋಲ ಒಯ್ದು ಕುರಿಮರಿ ಮುಚ್ಚಾಕ ಇಟ್ಟಿದ್ದ. ಒಂದಿನ ಗಾಳಿ ಮಳಿಗೆ ಗುಡಿಸಲು ಹಾರಿ ಹೋದಾಗ ನಮ್ಮಪ್ಪನ ಅವ್ವ ಅದರ ಕೆಳಗ ಮರಿಗಳ ನಡುವ ಹೊಕ್ಕಳಂತ. ನಮ್ಮಪ್ಪ ಅಲ್ಲೇ ಹುಟ್ಯಾನ. ನಮಗ ಹರಿಗೋಲ ಅಂದರ ಇಷ್ಟ. ನನಗ ನೀರಂದರ ಅಂಜಿಕಿ. ಈ ಸಂಬಂಧ ಬ್ಯಾಡಂದರ ಬ್ಯಾಡ ಅನ್ನರಿ. ಮೊದಲ ಈ ನಮ್ಮಣ್ಣನ ಕೈಯಾಗಿಂದ ಆ ಕಟ್ಟಿಗಿ ಕಸಗೋರಿ."

ಈರಣ್ಣ ಹುಟ್ಟು ಕಸಿದುಕೊಂಡ. ಹರಿಗೋಲು ನಿಂತಿತು. ಹನುಮಪ್ಪನ ಮೀಸೆಯೊಳಗೆ ಏನೋ ಕದಲಿತು, ಆಮೇಲೆ ಹೊಟ್ಟೆ ಕದಲಿತು, ಆಮೇಲೆ ಹರಿಗೋಲೇ ಕದಲುವಷ್ಟು ನಗತೊಡಗಿದ. "ಮಗನ ಈರಣ್ಣಾ, ನಡು ನೀರಾಗ ಅಂಜಿಕೋತ ಕುಂತು ಖರೇ ಹೇಳೋ ಹುಡುಗಿ ಮತ್ತೆಲ್ಲಿ ಸಿಗತಾಳೋ? ನೀರಿನ ಅಂಜಿಕಿ ಹೋಗತದ. ಸುಳ್ಳಿನ ಚಟ ಹೋಗಂಗಿಲ್ಲ." ಕೊನೆಯ ಮಾತನ್ನು ನನ್ನ ಕಡೆ ನೋಡಿಯೇ ಹೇಳಿದ. ಹೊಲ ನೋಡಿ ಬಂದ ಮೇಲೆ ನಾಗಮ್ಮನನ್ನು ಕೇಳಿದ್ದಕ್ಕೆ, "ಮಂದಿ ಚಲೋ, ಹೊಲ ಚಲೋ, ನಡುವಿನ ನೀರೊಂದ ಕೆಟ್ಟದು. ಕಲೀತೀನಿ" ಅಂದಳು.

ಮದುವೆಯಾಯಿತು. ಮೊದಲ ವರ್ಷ ಅವಳು ಬುತ್ತಿ ಗಂಟನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿಕೊಂಡೇ ದಿನವೂ ದಾಟಿದಳೆಂದು ಈರಣ್ಣ ಎಂದೋ ಮಾತಿನ ನಡುವೆ ಹೇಳಿದ. ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ಹಬ್ಬಕ್ಕೆ ಕರೆದಳು. ಹೋಗಿ ಊಟ ಮಾಡಿ, ನಡುಗಡ್ಡೆಯ ಹೊಲ ನೋಡಲು ಕರೆದಾಗಲೆಲ್ಲ ಮೊಣಕಾಲು ನೋವು, ಅಂಗಡಿ ಅವಸರ ಎಂದು ನೆವ ಹೇಳಿ ಹಿಂದಿರುಗುತ್ತಿದ್ದೆ. ತಂಗಿಯನ್ನು ಹೊಳೆಗೆ ಕೊಟ್ಟವನು ನಾನು, ಹೊಳೆಗೆ ಹೆದರುವವನೂ ನಾನೇ.

ಎಂಬತ್ತರ ದಶಕದಲ್ಲಿ ಒಂದು ಸಲ ಅವಳು ನೆವ ಕೇಳಲಿಲ್ಲ. "ಬಾರೋ ಯಣ್ಣಾ, ಶೇಂಗಾ ಬಂದದ, ಹಸಿ ಕಾಯಿ ಹುರಿದು ಕೊಡತೀನಿ. ಹುಟ್ಟು ನಾ ಹಾಕತೀನಿ" ಎಂದು ಕೈ ಹಿಡಿದು ಹತ್ತಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿಗೆ ಬೈದಂತೆ ಎರಡೇ ಏಟು ಹಾಕಿದಳು. ಹರಿಗೋಲು ಗೆರೆ ಎಳೆದ ಹಾಗೆ ಹೊರಟಿತು. ನಾನು ಕಣ್ಣು ಮುಚ್ಚಿ ಅಂಚು ಹಿಡಿದು ಕೂತೆ. ಜೊತೆಗೆ ಹತ್ತಿದ್ದ ಪರವೂರಿನ ಮುದುಕಿಯೊಬ್ಬಳು ಕೇಳುವುದು ಕಿವಿಗೆ ಬಿತ್ತು. "ಯಾರಬೇ ಈತ? ಯಾಕ ಹಿಂಗ ಕಣ್ಣ ಮುಚ್ಚಿ ಕುಂತಾನ?"

ನಾನು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದೆ. ಖರೆ ಹೇಳುವುದರಲ್ಲಿ ನನ್ನ ತಂಗಿ ಯಾವತ್ತೂ ಹಿಂದೆ ಬಿದ್ದವಳಲ್ಲ.

"ನಮ್ಮಣ್ಣ ಬೇ," ಅಂದಳು ನಾಗಮ್ಮ, ಹುಟ್ಟು ಹಾಕುತ್ತಲೇ. "ಹೊಳ್ಯಾಗ ಇಳಿದರ ಮುತ್ಯಾನ ನೆನಸಿ ಧ್ಯಾನಕ್ಕ ಕುಂದರತಾನ. ನಮ್ಮ ಮುತ್ಯಾ ಅಂದರ ಸಣ್ಣಾವೇನು? ತುಂಬಿದ ಹೊಳ್ಯಾಗ ತಹಶೀಲ್ದಾರನ್ನ ದಾಟಿಸಿದಾವ."

ಮುದುಕಿಯ ಬಳೆಗಳ ಸದ್ದು ಕೇಳಿತು. ಅವಳು ನನಗೆ ಕೈಮುಗಿಯುತ್ತಿದ್ದಾಳೆಂದು ತಿಳಿಯಿತು. ಕಣ್ಣು ತೆರೆದರೆ ತಂಗಿಯ ಮಾತು ಸುಳ್ಳಾಗುತ್ತದೆ. ಆದ್ದರಿಂದ ದಡ ಮುಟ್ಟುವವರೆಗೂ, ಮುದುಕಿ ಇಳಿದು ದೂರ ಹೋಗುವವರೆಗೂ, ನಾನು ಮುಚ್ಚಿದ ಕಣ್ಣನ್ನು ಮುಚ್ಚಿಕೊಂಡೇ ಕೂತಿದ್ದೆ.