ಶುಕ್ರವಾರ ಬಂದರೆ ಸುಸ್ತಾಗುವ ಸರ್ವರ್

ಕಂಪ್ಯೂಟರ್ ಕೆಟ್ಟಿದೆ ಎಂದು ಕರೆ ಬಂದು ನಾನು ಹೋದಲ್ಲೆಲ್ಲ ಕಂಪ್ಯೂಟರ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೆಟ್ಟಿರುತ್ತದೆ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ಸೂಪರ್‌ಮಾರ್ಕೆಟಿನ ಹೆಡ್ ಆಫೀಸು. ಎಲ್ಲ ಅಂಗಡಿಗಳ ಬಿಲ್ಲಿಂಗ್ ಮಿಷನ್ ನೋಡಿಕೊಳ್ಳುವುದು ನನ್ನ ಕೆಲಸ. ಈ ವರ್ಷ ನನ್ನ ತಲೆ ತಿಂದದ್ದು ಅಬುಧಾಬಿಯ ಖಾಲಿದಿಯಾ ಅಂಗಡಿ. ಅಲ್ಲಿ ಪ್ರತಿ ಶುಕ್ರವಾರ ಬಿಲ್ ತೆವಳಿಕೊಂಡು ಬರುತ್ತಿತ್ತು. ಸೋಮವಾರ ಹೋಗಿ ನೋಡಿದರೆ ಎಲ್ಲ ಸರಿ.

ಅಲ್ಲಿಯ ಮೆನೇಜರರು ನಮ್ಮ ಉಡುಪಿಯವರೇ. ಅವರ ಪ್ರಕಾರ ತಪ್ಪೆಲ್ಲ ಅಲ್ಲಿ ಬಹಳ ವರ್ಷದಿಂದ ಇರುವ ಕ್ಯಾಷಿಯರ್‌ದು. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ನಾವೆಲ್ಲ ಬಾಯಮ್ಮ ಅನ್ನುತ್ತೇವೆ. ಒಂದು ಶುಕ್ರವಾರ ಮೆನೇಜರರು ಫೋನಿನಲ್ಲಿ, "ಅವರಿಗೆ ಕೈಗಿಂತ ಬಾಯಿ ಜೋರು ಮಾರಾಯ್ರೆ. ಬರುವ ಶುಕ್ರವಾರವೂ ಹೀಗೇ ಆದ್ರೆ ಮದೀನತ್ ಜಾಯೆದ್ ಬ್ರಾಂಚಿಗೆ ಕಳಿಸ್ತೇನೆ, ಖಲಾಸ್" ಎಂದರು.

ಅದು ಮರುಭೂಮಿಯ ನಡುವೆ ಎಲ್ಲೋ ದೂರದಲ್ಲಿರುವ ಊರು. ಬಾಯಮ್ಮನ ಮಗಳು ಅಬುಧಾಬಿಯಲ್ಲೇ ಹತ್ತನೇ ಕ್ಲಾಸು. ನಾನು ಬಾಯಮ್ಮನ ಪರ ವಹಿಸಿದೆ.

"ಇನ್ನೊಂದು ಕೌಂಟರೂ ನಿಧಾನ ಅಲ್ವಾ ಸಾರ್?"

"ಅಲ್ಲಿರುವವನಿಗೆ ಕೆಲಸ ಕಲಿಸಿದ್ದು ಯಾರು? ಅವರೇ!"

೧. ಸರ್ವರ್‌ಗೆ ರಜೆ

ಅದೇ ಫೋನಿನಲ್ಲಿ ವಿಚಾರಣೆ ಶುರು ಮಾಡಿದೆ. ಅಂಗಡಿಯ ಬಿಲ್ಲೆಲ್ಲ ಹಾದು ಹೋಗುವ ದೊಡ್ಡ ಕಂಪ್ಯೂಟರಿಗೆ ನಾವು ಸರ್ವರ್ ಅನ್ನುತ್ತೇವೆ. ಅಂಗಡಿಯ ಮೂಲೆಯಲ್ಲಿ ಒಂದು ಚಾ ಕ್ಯಾಂಟೀನೂ ಇದೆ ಎಂಬುದು ನನಗೆ ಮರೆತೇ ಹೋಗಿತ್ತು.

"ಸಾರ್, ಸರ್ವರ್ ಆನ್ ಉಂಟಾ?"

"ಇಲ್ಲ, ಇವತ್ತು ಆಫ್."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಆಫಾ? ಯಾರು ಮಾಡಿದ್ದು?"

"ನಾನೇ ಕೊಟ್ಟದ್ದು. ಪಾಪ, ಜ್ವರ."

"ಜ್ವರವಾ?"

"ಮೈ ಕೆಂಡ ಮಾರಾಯ್ರೆ! ಆದ್ರೂ ನಿನ್ನೆ ಒಂದೇ ಕೈಯಲ್ಲಿ ನಾಲ್ಕು ಚಾ ಹಿಡ್ಕೊಂಡು ಬಂದ."

೨. ಪುಳಿಮುಂಚಿ ಕ್ಯೂ

ಮುಂದಿನ ಶುಕ್ರವಾರ ನಾನೇ ಖಾಲಿದಿಯಾಕ್ಕೆ ಹೋಗಿ ಬಾಯಮ್ಮನ ಕೌಂಟರ್ ಪಕ್ಕ ನಿಂತೆ. ಪರದೆಯ ಮೇಲೆ ಬಿಲ್ ಬಾರದೆ ಚಕ್ರ ತಿರುಗುತ್ತಲೇ ಇತ್ತು. ನಮ್ಮ ಊರ ಕಡೆಯ ಗಿರಾಕಿ ಹೆಂಗಸೊಬ್ಬರು "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲೇ ಅವಸರ ಮಾಡಿ ಗೊಣಗಿದರು. ಬಾಯಮ್ಮ ಮಾತ್ರ ತಣ್ಣಗೆ ಅವರ ಬುಟ್ಟಿಗೆ ಇಣುಕಿದರು.

"ಬಂಗುಡೆಯಾ? ಎಂತ ಮಾಡ್ತೀರಿ?"

"ಫ್ರೈ."

"ಅಯ್ಯೋ ದೇವಾ! ಇಷ್ಟು ಒಳ್ಳೆ ಮೀನಿಗೆ ಹುಳಿ, ಖಾರ ಹಾಕಿ ಪುಳಿಮುಂಚಿ ಸಾರು ಮಾಡ್ಬೇಕು. ಕೇಳಿ..."

ಅರೆಯುವ ಮೆಣಸಿನಿಂದ ಹಿಡಿದು ಪಾಠ ನಡೆಯಿತು. ಹಿಂದಿದ್ದ ಮೂವರು ಮೊಬೈಲು ತೆಗೆದು ಬರೆದುಕೊಂಡರು. ಬಿಲ್ ಬರುವಷ್ಟರಲ್ಲಿ ಗಿರಾಕಿ ಹುಣಸೆಹುಳಿ ತರಲು ಒಳಗೆ ಓಡಿದ್ದರು. ನಾನು ಕ್ಯೂ ಕೊನೆಯಲ್ಲಿದ್ದ ಗೃಹಸ್ಥರಿಗೆ, "ಆಚೆ ಕೌಂಟರ್ ಖಾಲಿ ಉಂಟಲ್ಲ, ಅಲ್ಲಿಗೆ ಹೋಗಿ" ಎಂದೆ.

ಅವರು ನನ್ನನ್ನೇ ಗದರಿಸಿದರು: "ಸುಮ್ನಿರಿ ಸ್ವಲ್ಪ! ಬೆಳ್ಳುಳ್ಳಿ ಎಷ್ಟು ಅಂತ ಇನ್ನೂ ಹೇಳ್ಲಿಲ್ಲ."

೩. ಘಮಘಮ

ಸರ್ವರ್ ರೂಮಿನ ಬೀಗದ ಕೈ ಮೆನೇಜರರ ಹತ್ತಿರ. ಅಂದು ಯಾಕೋ ಕೊಡಲು ಬಹಳ ಹಿಂಜರಿದರು. ಕೊನೆಗೂ ಬಾಗಿಲು ತೆಗೆದೆ. ವಯರು ಸುಟ್ಟ ವಾಸನೆ ಬಂದೀತೆಂದು ಹೆದರಿದ್ದರೆ, ಮೂಗಿಗೆ ಬಡಿದದ್ದು ಮಲ್ಲಿಗೆ!

ಎಸಿಯ ಗಾಳಿಗೆ ಅಡ್ಡವಾಗಿ, ಸರ್ವರ್‌ನ ಮುಂದೆಯೇ ಒಂದು ದೊಡ್ಡ ಪೆಟ್ಟಿಗೆ. ಅದರ ತುಂಬ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಚೆಂಡಾಗಿ ಸುತ್ತಿದ ಉಡುಪಿ ಮಲ್ಲಿಗೆ, ಮಂಗಳೂರಿನ ವಿಮಾನದಲ್ಲಿ ಬಂದದ್ದು. ಸಾಲದ್ದಕ್ಕೆ, ಸರ್ವರ್‌ನ ಬಿಸಿಗಾಳಿ ಹೂವಿಗೆ ತಾಗಬಾರದೆಂದು ಮಿಷನ್ನಿನ ಬೆನ್ನಿಗೆ ದಪ್ಪ ರಟ್ಟು ಇಟ್ಟು ಟೇಪು ಸುತ್ತಿದ್ದರು. ಉಸಿರು ಕಟ್ಟಿ ಕಾದುಹೋದ ಮಿಷನ್ ಬೇಗ ಬೇಗ ಲೆಕ್ಕ ಮಾಡುವುದಾದರೂ ಹೇಗೆ?

"ಯಾರದ್ದು ಸಾರ್ ಇದು?"

ಮೆನೇಜರರು ನೆಲ ನೋಡಿದರು. "ಮನೆಯಲ್ಲಿ ಶುಕ್ರವಾರ ಭಜನೆ ಉಂಟಲ್ಲ... ಅಂಗಡಿ ಫ್ರಿಜ್ಜಲ್ಲಿಟ್ರೆ ಮೀನಿನ ವಾಸನೆ ಹಿಡೀತದೆ ಅಂತ ಹೆಂಡತಿ ಬೈತಾಳೆ. ಸಂಜೆ ಹೋಗುವಾಗ ರಟ್ಟು ತೆಗೀತೇನೆ ಮಾರಾಯ್ರೆ."

ರಟ್ಟು ಕಿತ್ತೆ, ಪೆಟ್ಟಿಗೆ ಎತ್ತಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಬಿಲ್ಲುಗಳು ಪಟಪಟನೆ ಬರತೊಡಗಿದವು. ನನಗಂತೂ ಕುಣಿಯುವಷ್ಟು ಖುಷಿ. ಕ್ಯೂ ಕರಗಿದ ಮೇಲೆ ಬಾಯಮ್ಮ ಬಾಗಿಲಿಗೆ ಬಂದು, ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಮೆನೇಜರರನ್ನೂ ನೋಡಿದರು.

"ಹೆಡ್ ಆಫೀಸಿಗೆ ಹೇಳ್ಬೇಡಿ" ಎಂದು ಮೆನೇಜರರು ಇಬ್ಬರಿಗೂ ಕೈಮುಗಿದರು. "ಬಾಯಮ್ಮನ ಟ್ರಾನ್ಸ್‌ಫರ್ ಕ್ಯಾನ್ಸಲ್."

ಬಾಯಮ್ಮ ಒಂದು ಚೆಂಡು ಮಲ್ಲಿಗೆ ಎತ್ತಿ ನಿಧಾನಕ್ಕೆ ಮುಡಿದುಕೊಂಡರು.

"ಕ್ಯಾನ್ಸಲ್ ಯಾಕೆ ಸಾರ್? ಮದೀನತ್ ಜಾಯೆದ್‌ನ ಸರ್ವರ್ ರೂಮು ಇನ್ನೂ ತಂಪಂತೆ. ನೀವೇ ಹೋಗಿ, ಹೂವು ಬಾಡುವುದಿಲ್ಲ!"