ಸರ್ವರ್ ಬಾಗಿಲು ಬಡಿದ ಕಳ್ಳ

ಊರಿಗೆ ಹೊರಡುವವರು ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುತ್ತಾರೆ. ಲಾರಿ ಕಂಪನಿಯ ಸರ್ವರ್ ನೋಡಿಕೊಳ್ಳುವ ಡಿಸ್ಕಣ್ಣನೂ ಹಿಂದಿನ ಸಂಜೆ ಅಂಥದೇ ಜಾಣತನದಿಂದ ತನ್ನ ಪಾಸ್‌ವರ್ಡ್ ಬದಲಾಯಿಸಿ ಹಾಯಾಗಿ ಮಲಗಿದ್ದ. ಮೂರು ಹೊತ್ತೂ "ಡಿಸ್ಕ್ ತುಂಬ್ತಾ ಇದೆ" ಎಂದು ಗೋಳಾಡುತ್ತಿದ್ದುದರಿಂದ ಕಚೇರಿಯವರು ಇಟ್ಟ ಹೆಸರು ಅದು. ಇವತ್ತು ಸಂಜೆಯ ರೈಲಿಗೆ ನಾದಿನಿಯ ಮದುವೆಗೆ ಹೊರಡಬೇಕು. ಹೆಂಡತಿಯ ಕಡೆಯ ಹಿಂದಿನ ಎರಡು ಮದುವೆಗಳನ್ನು ಸರ್ವರ್ ನುಂಗಿ ನೀರು ಕುಡಿದಿತ್ತು.

"ಈ ಸಲವೂ ತಪ್ಪಿಸಿದ್ರೆ ಆ ಪೆಟ್ಟಿಗೆ ಜೊತೆಗೇ ಸಂಸಾರ ಮಾಡ್ಕೊಂಡಿರಿ," ಎಂದು ಹೆಂಡತಿ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು.

ಬೆಳಿಗ್ಗೆ ಕಚೇರಿಗೆ ಬಂದರೆ ಗೇಟಿನಲ್ಲಿ ಲಾರಿಗಳ ಸಾಲು, ಕಿವಿ ತೂತಾಗುವಷ್ಟು ಹಾರ್ನ್. ಡಿಸ್ಕ್ ಭರ್ತಿಯಾಗಿ ಬಿಲ್ ಮುದ್ರಣ ನಿಂತುಹೋಗಿತ್ತು. ಸರ್ವರ್‌ನಲ್ಲಿ ಲೆಕ್ಕಿಗ ಸಿನಿಮಾಗಳನ್ನು ಪೇರಿಸಿದ್ದ. ಉಗ್ರಾಣದಮ್ಮ ಮೊಮ್ಮಗಳ ಮೊದಲ ಹೆಜ್ಜೆಯನ್ನು ಎಲ್ಲ ದಿಕ್ಕಿನಿಂದಲೂ ವಿಡಿಯೋ ತೆಗೆಸಿ ತುಂಬಿದ್ದಳು. ಅಳಿಸಿ ಎಂದು ಡಿಸ್ಕಣ್ಣ ಕೈಮುಗಿದ. ಮೊದಲು ಆಕೆಯದು ಅಳಿಸು ಎಂದ ಲೆಕ್ಕಿಗ.

"ಅಳಿಸಿದ್ರೆ ಮಗು ಇನ್ನೊಂದ್ಸಲ ಮೊದಲ್ನೇ ಹೆಜ್ಜೆ ಇಡುತ್ತೇನಪ್ಪ?" ಎಂದಳು ಉಗ್ರಾಣದಮ್ಮ. ಡಿಸ್ಕಣ್ಣ ಪರದೆಯ ಕಡೆ ತಿರುಗಿದ.

ಹುಡುಕಿ ನೋಡಿದರೆ ಉಬ್ಬಿದ್ದು ಅವು ಯಾವುವೂ ಅಲ್ಲ, ಲಾಗ್ ಫೈಲ್. ಸರ್ವರ್ ತನಗೆ ಆದದ್ದನ್ನೆಲ್ಲ ದಿನಚರಿಯಂತೆ ಬರೆದಿಡುವ ಜಾಗ ಅದು. ಯಾವುದೋ ಯಂತ್ರ ಉಸಿರು ಬಿಡದೆ ತಪ್ಪು ಪಾಸ್‌ವರ್ಡ್ ಒತ್ತಿತ್ತು, ಪ್ರತಿ ಸಲವೂ ಸರ್ವರ್ ಮಾರುದ್ದದ ದೂರು ಗೀಚಿತ್ತು. ಯಂತ್ರದ ನಂಬರ್ ಇತ್ತೇ ಹೊರತು ಯಾರದೆಂದು ಇರಲಿಲ್ಲ. ಹೆಗಲ ಮೇಲಿಂದ ಇಣುಕುತ್ತಿದ್ದ ಲೆಕ್ಕಿಗ ಕಚೇರಿಗೆಲ್ಲ ಕಳ್ಳ ಬಿದ್ದ ಸುದ್ದಿ ಹಂಚಿಬಂದ.

ಮ್ಯಾನೇಜರ್ ಓಡಿಬಂದರು. "ಕಳ್ಳನ್ನ ಹಿಡಿ. ಆಮೇಲೆ ಮದುವೆಗೆ ಹೋಗು," ಎಂದರು.

ಡಿಸ್ಕಣ್ಣ ಮೇಜುಗಳ ಕೆಳಗೆ ತೂರಿ ಒಂದೊಂದೇ ಯಂತ್ರದ ನಂಬರ್ ನೋಡಿದ. ಅಂಗಿ ಧೂಳಾಯಿತು, ತಲೆ ಮೇಜಿಗೆ ಬಡಿದು ಬುಗುಟೆ ಎದ್ದಿತು, ಕಳ್ಳ ಮಾತ್ರ ಸಿಗಲಿಲ್ಲ. ಮಧ್ಯಾಹ್ನ ಕಳೆದಾಗ ಹೆಂಡತಿಯ ಕರೆ ಬಂತು. ಈಗ ಹೊರಟೆ ಎಂದು ಸುಳ್ಳು ಹೇಳಿ ಫೋನ್ ಇಡುವಾಗ ಅದರ ಪರದೆಯ ಮೇಲೊಂದು ಸಾಲು ಕಂಡಿತು: ಪಾಸ್‌ವರ್ಡ್ ತಪ್ಪಾಗಿದೆ, ಮತ್ತೆ ಪ್ರಯತ್ನಿಸಲಾಗುತ್ತಿದೆ.

ಮನೆಯಿಂದಲೂ ಸರ್ವರ್ ಮೇಲೆ ಕಣ್ಣಿಡಲು ತಾನೇ ಫೋನಿನಲ್ಲಿ ಹಾಕಿಕೊಂಡಿದ್ದ ವ್ಯವಸ್ಥೆ! ಹಳೆಯ ಪಾಸ್‌ವರ್ಡನ್ನೇ ಹಿಡಿದು ಪಾಪ, ನಿಷ್ಠೆಯಿಂದ ರಾತ್ರಿಯಿಡೀ ಬಾಗಿಲು ಬಡಿದಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಕತೆ.

ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ರೈಲು ಹೋಗುತ್ತದೆ. ಡಿಸ್ಕಣ್ಣ ಫೋನ್ ಆಫ್ ಮಾಡಿದ, ಸುತ್ತ ನೋಡಿದ, ಲಾಗ್ ಫೈಲನ್ನೇ ಅಳಿಸಿಬಿಟ್ಟ. ಡಿಸ್ಕ್ ಹಗುರಾಯಿತು. ಬಿಲ್‌ಗಳು ಬಂದವು, ಲಾರಿಗಳು ಹೊರಟವು. ಕಳ್ಳ ಹೆದರಿ ಓಡಿಹೋದ ಎಂದು ಸಾರಿ ಬ್ಯಾಗ್ ಎತ್ತಿಕೊಂಡ.

ಮ್ಯಾನೇಜರ್ ಬೆನ್ನು ತಟ್ಟಿ, ಆ ಲಾಗ್ ಒಂದು ಸಲ ತೋರಿಸು ಎಂದರು. ಅದು ಹೇಗೋ ಅಳಿಸಿಹೋಗಿದೆ ಎಂದು ಇವನು ತೊದಲಿದ.

ಅವರ ಮುಖ ಗಂಭೀರವಾಯಿತು. "ನಮ್ಮವರೇ ಯಾರೋ ಪಾಸ್‌ವರ್ಡ್ ಮರೆತಿರ್ಬೇಕು, ಹೋಗ್ಲಿ ಬಿಡು ಅನ್ನೋಣ ಅಂತಿದ್ದೆ. ಗುರುತೇ ಅಳಿಸಿದಾನೆ ಅಂದ್ಮೇಲೆ ಇವನು ಪಕ್ಕಾ ಕಳ್ಳ. ಅದೂ ಒಳಗಿನವನು. ಅವನು ಸಿಗೋವರೆಗೂ ನೀನು ಕದಲೋ ಹಾಗಿಲ್ಲ. ಈ ಕಚೇರೀಲಿ ನಾನು ನಂಬೋದು ನಿನ್ನೊಬ್ಬನನ್ನೇ."

ಲೆಕ್ಕಿಗ ಬಾಗಿಲಿಗೆ ಕುರ್ಚಿ ಹಾಕಿ ಕಾವಲು ಕೂತ. ಮ್ಯಾನೇಜರ್ ಸರ್ವರ್ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಹೆಂಡತಿಗೆ ತಿಳಿಸೋಣವೆಂದರೆ ಫೋನ್ ಆನ್ ಮಾಡಬೇಕು. ಆನ್ ಮಾಡಿದರೆ ಅವರ ಕಣ್ಣೆದುರೇ ಕಳ್ಳ ಮತ್ತೆ ಬಾಗಿಲು ಬಡಿಯುತ್ತಾನೆ. ದೂರದಲ್ಲಿ ರೈಲು ಕೂಗಿತು. ಡಿಸ್ಕಣ್ಣ ಬ್ಯಾಗ್ ಕೆಳಗಿಟ್ಟು, ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ತನ್ನನ್ನೇ ಹುಡುಕಲು ಕೂತ.